ಅಮ್ಮ ಹಿಡಿದ ಟೇಬಲ್

“ನಾವು ಬರೋವರೆಗೆ ಏನೂ ಹೇಳ್ಬೇಡ ಅಮ್ಮ. ತಿಂಡಿ ಬಂದ್ರೆ ಬಿಲ್ ಬರತ್ತೆ, ಬಿಲ್ ಬಂದ್ರೆ ಏಳ್ಬೇಕಾಗತ್ತೆ,” ಎಂದು ಹೋಟೆಲಿನ ಬಾಗಿಲಲ್ಲಿ ಕಾರು ನಿಲ್ಲಿಸಿದ ನಿರಂಜನ ತಾಯಿಗೆ ಇನ್ನೊಮ್ಮೆ ಹೇಳಿದ. ವೇದಾವತಮ್ಮ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಇಳಿದು ಒಳಗೆ ಹೋದರು.

ಗೌರಿ ಹಬ್ಬದ ಹಿಂದಿನ ಭಾನುವಾರ. ಶಿವಮೊಗ್ಗಕ್ಕೆ ಶಿವಮೊಗ್ಗವೇ ಪೇಟೆಗೆ ಇಳಿದಿತ್ತು. ಇಂಥ ದಿನ ಟೇಬಲ್ ಬೇಕೆಂದರೆ ಉಣ್ಣುತ್ತಿರುವವರ ಕುರ್ಚಿಯ ಹಿಂದೆ ನಿಂತು, ಅವರು ಯಾವಾಗ ಮಜ್ಜಿಗೆಗೆ ಬರುತ್ತಾರೋ ಎಂದು ಅವರ ತಟ್ಟೆಯನ್ನೇ ನೋಡುತ್ತಿರಬೇಕು. ಭದ್ರಾವತಿಯ ನ್ಯೂಟೌನಿನಿಂದ ತಿಂಗಳಿಗೆರಡು ಸಲ ಊಟಕ್ಕೆಂದೇ ಬರುವ ನಿರಂಜನನಿಗೆ ಹಾಗೆ ನಿಲ್ಲುವುದು ಆಗದು. ಅದಕ್ಕೇ ಒಂದು ಉಪಾಯ ಕಂಡುಕೊಂಡಿದ್ದ. ಎಪ್ಪತ್ತಾರರ ಮುದುಕಿ ಗೋಡೆ ಹಿಡಿದು ನಿಂತರೆ ಯಾರಾದರೂ ಎದ್ದು ಜಾಗ ಕೊಟ್ಟೇ ಕೊಡುತ್ತಾರೆ. ಒಮ್ಮೆ ಕೂತ ಮುದುಕಿಯನ್ನು ಎಬ್ಬಿಸುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಈ ಜಾಣತನವನ್ನು ಆಫೀಸಿನಲ್ಲೂ ಹೇಳಿಕೊಂಡು ಮೆರೆದಿದ್ದ. ಬುದ್ಧಿವಂತ ಅಂದರೆ ಬುದ್ಧಿವಂತ!

ದಾರಿಯಲ್ಲಿ ಅಮ್ಮ ಕೇಳಿದ್ದರು. “ಈಗ್ಲೇ ಇನ್ಸುಲಿನ್ ತಗೊಳ್ಳಲೇನೋ? ಅರ್ಧ ಗಂಟೇಲಿ ಊಟ ಸಿಗತ್ತಾ?”

“ತಗೋ ಅಮ್ಮ. ನಾವೇನು ಕಾಯೋ ಜನಾನಾ?”

ಕಾರಿನಲ್ಲೇ ಸೂಜಿ ಚುಚ್ಚಿಕೊಂಡಿದ್ದರು. ಸೂಜಿ ಹೋದ ಮೇಲೆ ಹೊಟ್ಟೆಗೆ ಅನ್ನ ಹೋಗಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿದಾಗ ಪಕ್ಕದಲ್ಲಿ ಕೂತು ಹೂಂಗುಟ್ಟಿದವನು ಇವನೇ.

ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಇಪ್ಪತ್ತು ನಿಮಿಷ ಕಳೆಯಿತು. ಗಂಡ ಹೆಂಡತಿ ಗಾಂಧಿ ಬಜಾರಿನ ಸೀರೆ ಅಂಗಡಿ ಹತ್ತುವಾಗ ಅಮ್ಮನ ಫೋನು ಬಂತು. “ಟೇಬಲ್ ಸಿಕ್ತು ಕಣೋ. ಮೂಲೇದು, ಫ್ಯಾನ್ ಕೆಳಗೆ.” ಅಲ್ಲಿಗೆ ನಿರಂಜನ ನಿರಾಳನಾದ. ಜಾಗ ಸಿಕ್ಕಿತೆಂದ ಮೇಲೆ ಅವಸರ ಎಲ್ಲಿಯದು? ಅಂಗಡಿಯವನು ಒಂದರ ಮೇಲೊಂದು ಸೀರೆ ಬಿಚ್ಚಿ ಹರವಿದ, ಇವನು ಬಣ್ಣ ಸಾಲದು, ಅಂಚು ಸಾಲದು ಎನ್ನುತ್ತ ಕೂತ.

“ರೀ, ಅತ್ತೆ ಸೂಜಿ ತಗೊಂಡಿದ್ದಾರೆ. ಹೋಗೋಣ,” ಎಂದಳು ಶರಾವತಿ.

“ಅಮ್ಮ ಆರಾಮಾಗಿ ಕೂತಿದ್ದಾಳೆ ಮಾರಾಯ್ತಿ. ನಂಗೊಂದು ಪಂಚೆ ನೋಡಿಬಿಡೋಣ.”

ಪಂಚೆ ನೋಡುತ್ತಿರುವಾಗ ಮತ್ತೆ ಫೋನು. “ನಿರಂಜನ, ಯಾಕೋ ಕೈ ನಡುಗ್ತಿದೆ. ಒಂದು ಕಾಫಿ ಹೇಳ್ಲಾ?”

“ಕಾಫಿ ಕುಡಿದ್ರೆ ಎಬ್ಬಿಸ್ತಾರಮ್ಮ. ಬಂದೇ ಬಿಟ್ವಿ.”

“ಸರಿ ಮಗ,” ಎಂದರು ಅಮ್ಮ. ಮಗನ ಮಾತು ಮೀರಿದವರಲ್ಲ ಅವರು.

ಬಂದೇ ಬಿಟ್ಟವರು ಹೋಟೆಲು ಮುಟ್ಟುವಾಗ ಮತ್ತೆ ಮುಕ್ಕಾಲು ಗಂಟೆ ದಾಟಿತ್ತು. ಬಾಗಿಲ ತನಕ ಜನ. ಅವರನ್ನು ಸರಿಸಿಕೊಂಡು ಒಳಗೆ ಹೋಗುವಾಗ ನಿರಂಜನನಿಗೆ ಒಳಗೊಳಗೇ ಖುಷಿಯೂ ಆಯಿತು. ಮೂಲೆಯ ಟೇಬಲ್ಲಿನಲ್ಲಿ ಒಂದು ಕುರ್ಚಿಯ ಮೇಲೆ ಅಮ್ಮನ ಚೀಲ, ಇನ್ನೊಂದರ ಮೇಲೆ ಕರವಸ್ತ್ರ, ಮತ್ತೊಂದರ ಮೇಲೆ ಕನ್ನಡಕದ ಡಬ್ಬಿ. ಅಮ್ಮ ಮಾತ್ರ ಟೇಬಲ್ಲಿಗೆ ಹಣೆ ಆನಿಸಿ ಮಲಗಿದ್ದರು.

“ಅಜ್ಜಿ ಏನೂ ತಗೊಂಡಿಲ್ಲ ಸಾರ್,” ಎಂದ ಸಪ್ಲೈಯರ್ ಬಂಗಾರಪ್ಪ. “ನಾನೇ ಒಂದು ಲೋಟ ಹಾಲು ತಂದಿಟ್ಟೆ. ಬೇಡ, ಮಗ ಬೈತಾನೆ ಅಂದ್ರು. ಆಮೇಲೆ ನಿದ್ದೆ ಹೋದ್ರೇನೋ ಅಂತ ಸುಮ್ನಾದೆ.”

ನಿರಂಜನ ಅಮ್ಮನ ಬೆನ್ನು ಮುಟ್ಟಿದ. ರವಿಕೆ ಬೆವರಿಗೆ ತೊಪ್ಪೆಯಾಗಿತ್ತು, ಮೈ ತಣ್ಣಗಿತ್ತು. ಶರಾವತಿ ಪಕ್ಕದ ಟೇಬಲ್ಲಿನ ಸಕ್ಕರೆ ಡಬ್ಬಿ ಕಿತ್ತುಕೊಂಡು ಬಂದು ಅತ್ತೆಯ ತುಟಿಗೆ ಒತ್ತಿದಳು. ಒತ್ತಿದ್ದೆಲ್ಲ ಕಟವಾಯಿಂದ ಉದುರಿ ಸೆರಗಿನ ಮೇಲೆ ಬಿತ್ತು. ಮಲಗಿದವರ ಬೆನ್ನ ಹಿಂದೆ ಜಾಗಕ್ಕೆ ಕಾದು ನಿಂತಿದ್ದ ಸಂಸಾರವೊಂದು ಅಲ್ಲಿಂದ ಕದಲಿರಲಿಲ್ಲ.

“ಅಮ್ಮ, ನಾನು ಬಂದೆ. ಇಲ್ಲಿ ನೋಡು,” ಎನ್ನುತ್ತ ನಿರಂಜನ ಚೀಲ ತೆಗೆದು ಪಕ್ಕದ ಕುರ್ಚಿ ಎಳೆದ.

ಆ ಸದ್ದಿಗೆ ವೇದಾವತಮ್ಮನ ರೆಪ್ಪೆ ಅರ್ಧ ತೆರೆಯಿತು. ಮಗನ ಮುಖವನ್ನು ದಿಟ್ಟಿಸಿದರು, ಗುರುತು ಹತ್ತಲಿಲ್ಲ. ನಡುಗುವ ಕೈಯನ್ನು ಹೇಗೋ ಎತ್ತಿ ಆ ಕುರ್ಚಿಯ ಮೇಲೆ ಅಡ್ಡ ಇಟ್ಟರು.

“ಇಲ್ಲಿ ಕೂರ್ಬೇಡಿ ಸ್ವಾಮಿ,” ನಾಲಿಗೆ ತೊದಲುತ್ತಿತ್ತು. “ನನ್ನ ಮಗ ಬರ್ತಾನೆ. ಪಾಪ, ಹಸ್ಕೊಂಡು ಬರ್ತಾನೆ.”