ಒಳಗಿನ ಚಿಲಕ

"ಬೆಡ್‌ರೂಮಿಂದು, ಬಾತ್‌ರೂಮಿಂದು, ಎರಡೂ ತೆಗೆದುಬಿಡಿ ಆಚಾರ್ರೇ," ಎಂದ ಗಿರಿಧರ್. "ಒಳಗಿನಿಂದ ಹಾಕ್ಕೊಳ್ಳೋಂಥ ಚಿಲಕ ಒಂದೂ ಇರಬಾರದು. ಡಾಕ್ಟರ್ ಸ್ಟ್ರಿಕ್ಟಾಗಿ ಹೇಳಿದಾರೆ."

ಅವನ ಹೆಂಡತಿ ಮಧುರಾ ಮಂಚದ ಅಂಚಿನಲ್ಲಿ ಕೂತಿದ್ದಳು. ಎಡಗೈಗೆ ಬ್ಯಾಂಡೇಜು. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತು. ಆ ಗಾಯ ಅವಳು ತನಗೆ ತಾನೇ ಮಾಡಿಕೊಂಡದ್ದೆಂದು ಕೆಳಗಿನ ವಾಚ್‌ಮನ್‌ಗೂ ಗೊತ್ತಿತ್ತು.

ಕಾಳಾಚಾರಿ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೆಡ್‌ರೂಮಿನ ಚಿಲಕ ಅವನೇ ಹಾಕಿದ್ದು. ಎರಡು ವರ್ಷದ ಹಿಂದೆ, ಗಂಡ ಬ್ಯಾಂಕಿಗೆ ಹೋದ ಹೊತ್ತಿನಲ್ಲಿ ಮಧುರಾ ಕರೆಸಿದ್ದಳು. "ಇರೋದರಲ್ಲೇ ಗಟ್ಟಿಯಾದ್ದು ಹಾಕಿ ತಾತ. ಬಾಗಿಲು ಗಾಳಿಗೆ ಹೊಡ್ಕೊಳ್ಳುತ್ತೆ." ಅವತ್ತು ಅವಳ ತುಟಿ ಊದಿತ್ತು. ಮುದುಕ ಅದನ್ನು ನೋಡಿದ. ಹತ್ತು ಇಂಚಿನ ಚಿಲಕಕ್ಕೆ ಉದ್ದುದ್ದ ಸ್ಕ್ರೂ ಬಿಗಿದು ಬಂದಿದ್ದ.

ಈಗ ಬಾಗಿಲ ಹೊರಮೈಯಲ್ಲಿ, ಮೊಣಕಾಲೆತ್ತರಕ್ಕೆ, ಪ್ಲೈವುಡ್ಡು ಒಳಕ್ಕೆ ಸೀಳಿತ್ತು. ಒದ್ದ ಬಾಗಿಲು ಹೇಗೆ ಸೀಳುತ್ತದೆಂದು ಐವತ್ತು ವರ್ಷ ಮರ ಮುಟ್ಟಿದವನಿಗೆ ಯಾರು ಹೇಳಿಕೊಡಬೇಕು? ಚಿಲಕ ಮಾತ್ರ ಅಲುಗಿರಲಿಲ್ಲ.

"ಸ್ಕ್ರೂ ತುಕ್ಕು ಹಿಡಿದಿದೆ ಸಾರ್. ಒಂದು ವಾರ ಬಿಟ್ಟು ನೋಡೋಣ."

"ಈ ಮೈಲಾಪೂರದ ಸಮುದ್ರದ ಗಾಳಿಗೆ ತುಕ್ಕು ಹಿಡೀದೇ ಇರೋದು ಏನಿದೆ ಹೇಳಿ? ಒಡೆದು ತೆಗೀರಿ."

"ಇದೊಂದು ಇರಲಿ ಅಂತ..."

"ಡಾಕ್ಟರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಎಷ್ಟನೇ ಕ್ಲಾಸು ಓದಿದೀರಿ ಆಚಾರ್ರೇ?" ಗಿರಿಧರ್ ನಕ್ಕ. ಅಷ್ಟರಲ್ಲಿ ಫೋನು ಬಂತು. ರಜೆ ಹಾಕಿ ಹೆಂಡತಿಯನ್ನು ತಾನೇ ನೋಡಿಕೊಳ್ಳುತ್ತಿದ್ದೇನೆಂದು ಮ್ಯಾನೇಜರಿಗೆ ತಮಿಳಿನಲ್ಲಿ ಮೆತ್ತಗೆ ಹೇಳುತ್ತ ಬಾಲ್ಕನಿಗೆ ಹೋದ.

ಮಧುರಾ ತಲೆ ಎತ್ತಲಿಲ್ಲ. "ಚಿಲಕ ಹಾಕ್ಕೊಂಡ ದಿನ ನಾನು ಏನೂ ಮಾಡ್ಕೊಂಡಿಲ್ಲ ತಾತ. ಇದನ್ನ ಮಾಡ್ಕೊಂಡ ದಿನ ಇವರು ನನ್ನ ಬಾಗಿಲ ತನಕ ಹೋಗಕ್ಕೇ ಬಿಡಲಿಲ್ಲ. ಹೊಡೆದು ಸಾಕಾಗಿ ಅವರು ಆಚೆ ಹೋದ ಮೇಲೆ..."

"ಡಾಕ್ಟರಿಗೆ ಹೇಳಬೇಕಾಗಿತ್ತಮ್ಮಾ."

"ಇವರು ಪಕ್ಕದಲ್ಲೇ ಕೂತಿದ್ರು. ನನ್ನ ಕೈ ಹಿಡ್ಕೊಂಡು."

ಗಿರಿಧರ್ ಬಂದು ಹಿಂದೆ ನಿಂತ. ಸ್ಕ್ರೂಗಳು ಒಂದೊಂದಾಗಿ ಹೊರಬಂದವು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ಬಾತ್‌ರೂಮಿನದನ್ನೂ ಬಿಚ್ಚಿ, ಮುದುಕ ತೂತುಗಳಿಗೆ ಪುಟ್ಟಿ ತುಂಬಿ ಒರೆಸಿದ. ಯಾವ ಬಾಗಿಲು ಮುಟ್ಟಿದರೂ ಕೊನೆಗೆ ಅದರ ಕೀಲುಗಳಿಗೆ ಎಣ್ಣೆ ಬಿಡುವುದು ಅವನ ಅಪ್ಪ ಕಲಿಸಿದ ರೂಢಿ. ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಯಿತು. ಕಿರುಗುಟ್ಟುತ್ತಿದ್ದ ಬೆಡ್‌ರೂಮಿನ ಬಾಗಿಲು ಎರಡು ಸಲ ಆಡಿಸುವಷ್ಟರಲ್ಲಿ ಸುಮ್ಮನಾಯಿತು.

"ಪರವಾಗಿಲ್ವೇ, ಒಂದೇ ಬೆರಳು ಸಾಕು!" ಗಿರಿಧರ್ ತೋರುಬೆರಳಲ್ಲಿ ತಳ್ಳಿ ನೋಡಿ, ಆಚಾರಿಗೆ ಕಾಫಿ ತರಲು ಅಡಿಗೆಮನೆಗೆ ಹೋದ.

ಮಧುರಾ ಆಗ ತಲೆ ಎತ್ತಿದಳು.

"ಆ ಸದ್ದು ಇದ್ದಿದ್ರೆ, ಇವರು ಬರ್ತಿರೋದಾದರೂ ಗೊತ್ತಾಗ್ತಿತ್ತು ತಾತ."