ಪೂಜೆಗೆ ಮುಂಚಿನ ರಾಶಿ

“ರಾಶಿ ಪೂಜಿ ಆಗೂತನಾ ಹೆಣ್ಮಕ್ಳು ಕಣಾ ತುಳೀಬಾರ್ದವಾ” ಎಂದು ಬಸಲಿಂಗಪ್ಪ ಕೈ ಅಡ್ಡ ಹಿಡಿದಾಗ, ಸೊಸೆ ಶಶಿಕಲಾ ರಾಶಿಗೆ ಹೊದಿಸುವ ತಾಡಪತ್ರಿ ಹೊತ್ತು ಕಣದ ಅಂಚಿನಲ್ಲೇ ನಿಂತಳು. ಎದುರಿಗೆ ವರ್ಷದ ಜೋಳವೆಲ್ಲ ಬಯಲಲ್ಲಿ ಬಿದ್ದಿತ್ತು.

“ಅಡ್ಡಮಳಿ ಬರತೈತಿ ಅಂತ ಮುಂಜಾನೆ ರೇಡಿಯೋದಾಗ ಹೇಳ್ಯಾರ್ರೀ, ಮಾವಾರ.”

“ಧಾರವಾಡದಾಗ ಕುಂತವ್ರಿಗೆ ಮುರಗೋಡದ ಮುಗಿಲು ಕಾಣತೈತೇನು? ಪೂಜಿ ಮಾಡೋ ಅಯ್ಯನೋರು ಬರ್ಲಿ, ತಡಿ.”

ಅಷ್ಟರಲ್ಲಿ ಮಾರ್ಚಿನ ಬಿಸಿಲನ್ನು ಸೀಳಿಕೊಂಡು ತಣ್ಣನೆಯ ಗಾಳಿ ನುಗ್ಗಿ ಹೊಟ್ಟು ಹಾರಿಸಿತು. ಮೋಡ ಹತ್ತಿರದಲ್ಲೆಲ್ಲೋ ಸುರಿಯತೊಡಗಿದರೆ, ಮಳೆಗಿಂತ ಮೊದಲು ಅದರ ತಂಪು ಓಡಿಬರುತ್ತದೆ. ಶಶಿಕಲಾ ಚಪ್ಪಲಿ ಕಳಚಿ, ಮಾವನ ತೋಳಿನಡಿ ನುಸುಳಿ ಕಣದೊಳಗೆ ಕಾಲಿಟ್ಟಳು.

“ಏ ಹುಡುಗಿ! ಲಕ್ಷ್ಮಿ ಮುನಿಸ್ಕೊಂಡ್ರ?”

“ತೋಯಿಸಿದ್ರ ಮುನಿಸ್ಕೊಳ್ಳಂಗಿಲ್ಲೇನ್ರಿ? ಆ ತುದಿ ಹಿಡೀರಿ!”

ಮೊದಲ ಹನಿ ತಾಡಪತ್ರಿಯ ಮೇಲೆ ಬಿದ್ದಾಗ ಅದರ ಇನ್ನೊಂದು ತುದಿ ಬಸಲಿಂಗಪ್ಪನ ಕೈಯಲ್ಲಿತ್ತು.