ಹೊರಗಿನವರು

ಎದುರಿಗೆ ಕುಳಿತಿದ್ದ ಉದ್ಯಮಿ ತನ್ನ ಗುರುತು ಹಿಡಿದರೇನು ಗತಿ ಎಂದು ಅವಳಿಗೆ ಒಳಗೊಳಗೇ ಅಳುಕು. ಬಾಡಿಗೆ ಮನೆ ಹುಡುಕಿ ಹುಡುಕಿ ಕಾಲು ಸೋತಿದ್ದವು. ಕೈಯಲ್ಲಿದ್ದದ್ದು ಈ ಸರ್ಕಾರಿ ಕಚೇರಿಯ ಗುತ್ತಿಗೆ ಕೆಲಸವೊಂದೇ. ಅಧಿಕಾರಿಯ ಪಕ್ಕದಲ್ಲಿ ಕುಳಿತು ತಲೆ ತಗ್ಗಿಸಿ ಟಿಪ್ಪಣಿ ಬರೆಯುತ್ತಿದ್ದಳು.

"ಹೊರದೇಶದಲ್ಲಿ ಫ್ಯಾಕ್ಟರಿ ಕಟ್ಟಿದೀನಿ ಸಾರ್. ಲೈಸೆನ್ಸ್ ಕೇಳಿದ್ರೆ, ನೀವು ಹೊರಗಿನೋರು ಅಂತಾರೆ ಅಲ್ಲಿನ ಸರ್ಕಾರದೋರು," ಎಂದು ಉದ್ಯಮಿ ಹಲುಬಿದ.

"ರಾಯಭಾರ ಕಚೇರಿಯಿಂದ ಹೇಳಿಸಬಹುದು. ಬಗ್ಗದಿದ್ರೆ ಎರಡೂ ದೇಶಗಳ ಒಪ್ಪಂದದ ಪ್ರಕಾರ ದಾವೆ. ಅದಕ್ಕೂ ಬಗ್ಗದಿದ್ರೆ ಅವರ ಕಂಪನಿಗಳಿಗೂ ಇಲ್ಲಿ ಲೈಸೆನ್ಸ್ ಇಲ್ಲ ಅನ್ನೋದು," ಎಂದರು ಅಧಿಕಾರಿ, ಆಕಳಿಸುತ್ತ.

"ಬಂಡವಾಳ ನೋಡಲ್ಲ, ಕೆಲಸ ನೋಡಲ್ಲ, ಮೊದ್ಲು ಯಾವ ದೇಶದೋನು ಅಂತ ಕೇಳೋದಾ? " ಉದ್ಯಮಿ ಅವಳತ್ತ ತಿರುಗಿದ. "ನೀನೇ ಹೇಳಮ್ಮ, ಮನುಷ್ಯರಾದೋರು ಹಿಂಗೆ ಕೇಳ್ತಾರಾ?"

ಅವಳ ಪೆನ್ನು ನಿಂತಿತು.

"ಕೇಳ್ತಾರೆ ಸಾರ್. ಹೋದ ಭಾನುವಾರ ನಿಮ್ಮ ಮಹಡಿ ಮನೆ ಬಾಡಿಗೆಗೆ ಕೇಳೋಕೆ ಬಂದಾಗ, ನೀವು ಮೊದ್ಲು ಕೇಳಿದ್ದು ನನ್ನ ಜಾತಿ."